ಬೂದು ವೈರು, ಕಪ್ಪು ವೈರು

2006ರ ಬೇಸಿಗೆಯ ಒಂದು ಬೆಳಿಗ್ಗೆ, ಹೊಸಪೇಟೆಯಲ್ಲಿ ನನ್ನ ಹೆಂಡತಿ ಗಿರಿಜಾಳ ಡಿಟಿಪಿ ಅಂಗಡಿಯ ಮಾನಿಟರಿಗೆ ಸೇರಿದ ಎರಡು ವೈರುಗಳನ್ನು ನಾನು ಕತ್ತರಿಸಿದೆ. ಯಾರ ಒತ್ತಡವೂ ಇರಲಿಲ್ಲ.

ಹಳೆಯ ಮಾನಿಟರ್ ಹಿಂದಿನ ದಿನವಷ್ಟೇ ಸುಟ್ಟುಹೋಗಿತ್ತು. ಸಂಡೂರಿನ ಗಣಿ ಕಚೇರಿಯೊಂದು ಬೇಡವೆಂದು ಹೊರಗಿಟ್ಟಿದ್ದ ದೊಡ್ಡ ಮಾನಿಟರನ್ನು ನಾನೇ ಹೆಮ್ಮೆಯಿಂದ ಹೊತ್ತು ತಂದೆ. ಅದರ ಕೇಬಲ್ಲಿಗೆ ಐದು ಕವಲು: ಕೆಂಪು, ಹಸಿರು, ನೀಲಿ, ಬೂದು, ಕಪ್ಪು. ಚಿತ್ರಕ್ಕೆ ಮೂರು ಬಣ್ಣ ಸಾಕೆಂದು ಎಲ್ಲೋ ಓದಿದ್ದೆ. ಉಳಿದೆರಡು ಹೆಚ್ಚುವರಿ ಎಂದು ತೀರ್ಮಾನಿಸಿ, ನೋಡಲು ಚೆಂದವಿರಲೆಂದು ಕತ್ತರಿಸಿ ಬುಟ್ಟಿಗೆ ಹಾಕಿದೆ.

ಸ್ವಿಚ್ ಒತ್ತಿದೆ. ಬಣ್ಣ ಬಂತು. ನಿಲ್ಲಲಿಲ್ಲ!

ತೆರೆಯ ಮೇಲಿದ್ದದ್ದು ಕಂಪ್ಲಿಯ ರೇಣುಕಾಳ ಲಗ್ನಪತ್ರಿಕೆ, ಗಿರಿಜಾಳ ಮೊದಲ ದೊಡ್ಡ ಆರ್ಡರ್. ಸಂಜೆಯೊಳಗೆ ತಿದ್ದಿ ಪ್ರೆಸ್ಸಿಗೆ ಕಳಿಸದಿದ್ದರೆ ಕೆಲಸ ಬಳ್ಳಾರಿಗೆ ಹೋಗುತ್ತಿತ್ತು. ಆ ಪತ್ರಿಕೆ ಈಗ ಓರೆಯಾಗಿ ಚಿಂದಿಯಾಗಿ ಮೇಲಕ್ಕೆ ಓಡುತ್ತಿತ್ತು.

ಆಗ ನಮ್ಮೂರಲ್ಲಿ ಏನೇ ಕೆಟ್ಟರೂ ಅದಿರು ಲಾರಿಯೇ ಕಾರಣ. ಲಾರಿಯ ನಡುಕಕ್ಕೆ ಚಿತ್ರ ಅದುರುತ್ತಿದೆ ಎಂದು ಘೋಷಿಸಿದೆ. ಪಕ್ಕದ ಔಷಧಿ ಅಂಗಡಿಯ ಕೊಟ್ರಪ್ಪ ಅನುಮೋದಿಸಿದರು. ಮಾನಿಟರಿನ ಕೆಳಗೆ ಕೌದಿ ಹಾಕಿದೆವು. ಓಡಿತು. ಇನ್ನೊಂದು ಕೌದಿ ಹಾಕಿದೆವು. ಇನ್ನೂ ಎತ್ತರದಲ್ಲಿ ಓಡಿತು.

ಮಧ್ಯಾಹ್ನ ಮರಿಯಮ್ಮನಹಳ್ಳಿ ಕಡೆ ರಸ್ತೆ ಬಂದ್ ಆಗಿ ನಮ್ಮ ಅಂಗಡಿ ಮುಂದೆ ಲಾರಿಗಳೆಲ್ಲ ನಿಂತವು. ಲಗ್ನಪತ್ರಿಕೆ ಮಾತ್ರ ಓಡುತ್ತಿತ್ತು.

"ಲಾರಿ ನಿಂತಾವ್ರಿ," ಎಂದಳು ಗಿರಿಜಾ. "ಇನ್ನ ಯಾರ ಮ್ಯಾಲ ಹಾಕ್ತೀರಿ?"

ಅಷ್ಟರಲ್ಲಿ ಪ್ರೂಫ್ ನೋಡಲು ಮದುಮಗಳೇ ಬಂದಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ನೇರ ಮಾನಿಟರಿನ ಹಿಂದೆ ಹೋಗಿ, ಉಳಿದ ವೈರು ಎಲ್ಲಿ ಎಂದು ಕೇಳಿದಳು. ಹೆಚ್ಚಾಗಿದ್ದವು ಎಂದೆ. ಅವಳು ನಗಲಿಲ್ಲ. ಆ ಕೆಲಸ ಗಿರಿಜಾ ಮಾಡಿದಳು.

ಚಿತ್ರವನ್ನು ಹಿಡಿದು ನಿಲ್ಲಿಸುವ ಸೂಚನೆ ಕೆಲವು ಮಾನಿಟರುಗಳಿಗೆ ಹಸಿರು ವೈರಿನ ಜೊತೆಗೇ ಬರುತ್ತದೆ, ಅವು ತಾವೇ ಬೇರ್ಪಡಿಸಿಕೊಳ್ಳುತ್ತವೆ; ಇಲ್ಲಿ ಕಂಪ್ಯೂಟರೇ ಬೇರೆಯಾಗಿ ಕಳಿಸುತ್ತದೆ ಎಂದು ವಿವರಿಸಿದಳು. "ಗೆರಿ ಎಲ್ಲಿ ಸುರು ಮಾಡ್ಬೇಕಂತ ಬೂದು ವೈರು ಹೇಳ್ತೈತ್ರಿ ಅಣ್ಣಾರ. ತಳ ಮುಟ್ಟಿದ ಮ್ಯಾಲ ತಿರುಗಿ ಮ್ಯಾಲ ಹೋಗಂತ ಕಪ್ಪು ಹೇಳ್ತೈತಿ. ಹೇಳೋ ಇಬ್ರನ್ನೂ ನೀವು ಮನಿಗೆ ಕಳಿಸೀರಿ."

ಬುಟ್ಟಿಯಿಂದ ತುಂಡುಗಳನ್ನು ತೆಗೆದು ಸುಲಿದು ಜೋಡಿಸಿ ಟೇಪ್ ಸುತ್ತಿದಳು. ಬೂದು ಸೇರಿದಾಗ ಓರೆ ನೇರವಾಯಿತು. ಕಪ್ಪು ಸೇರಿದಾಗ ಓಟ ನಿಂತಿತು. ತನ್ನ ಲಗ್ನಪತ್ರಿಕೆಯನ್ನು ತಾನೇ ಹಿಡಿದು ನಿಲ್ಲಿಸಿ, ಅಲ್ಲೇ ಕೂತು ತಪ್ಪು ತಿದ್ದಿಸಿ, ಚಹಾ ಮಾತ್ರ ಕುಡಿದು ಹೋದಳು. ಸಂಜೆ ಅದು ಪ್ರೆಸ್ಸಿಗೆ ಹೋಯಿತು. ಮದುವೆಯಾದ ಮೇಲೆ ಅವಳ ಎರಡೂ ಕಡೆಯ ನೆಂಟರು ಗಿರಿಜಾಳ ಅಂಗಡಿಗೇ ಬಂದರು. ನಮ್ಮ ಮನೆ ಆ ಹುಡುಗಿಗೆ ಋಣಿ.

ರೇಣುಕಾ ಈಗ ಕಂಪ್ಲಿಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಮೊನ್ನೆ ನಮ್ಮ ಪ್ರಿಂಟರನ್ನು ಬಸ್ಸಿನಲ್ಲಿ ಅಲ್ಲಿಗೆ ಒಯ್ದವನು ನಾನೇ. ಅದರ ಮೇಲೆ ಗಿರಿಜಾ ಚೀಟಿ ಅಂಟಿಸಿದ್ದಳು: "ತಂದವರ ಮಾತು ಕೇಳಬ್ಯಾಡವ್ವ."