ಕ್ಯೂ ಅಕ್ಷರದ ಪುಟಕ್ಕೆ ನಾನು ಹೂಂಗುಟ್ಟಿದ್ದು

ಹೂಂ ಎನ್ನುವುದಕ್ಕೆ ಓದು ಬೇಕಿಲ್ಲ. ಏನೂ ತಿಳಿಯದವನು ಎಲ್ಲ ತಿಳಿದವನ ಹಾಗೆ ಕಾಣಿಸಿಕೊಳ್ಳಲು ಇದಕ್ಕಿಂತ ಸುಲಭದ ದಾರಿಯನ್ನು ನಾನು ಕಂಡಿಲ್ಲ. ಡಾಕ್ಟರು ಮಾತ್ರೆಯ ಹೆಸರು ಹೇಳುತ್ತಾರೆ, ಹೂಂ. ಬ್ಯಾಂಕಿನವರು ಬಡ್ಡಿ ವಿವರಿಸುತ್ತಾರೆ, ಹೂಂ. ರೇಷ್ಮೆ ಇಲಾಖೆಯವರು ಹುಳುಮನೆಯ ತೇವಾಂಶದ ಬಗ್ಗೆ ಭಾಷಣ ಮಾಡುತ್ತಾರೆ, ಹೂಂ ಹೂಂ. ಈ ವಿದ್ಯೆ ನನಗೆ ಬಂದದ್ದು ಅಜ್ಜಿಯ ಕಾಲದಲ್ಲಿ. ನಮ್ಮ ಕಡೆ ಕತೆ ಹೇಳುವವರ ಎದುರಿಗೆ ಒಬ್ಬರು ಕೂತು ಹೂಂಗುಟ್ಟಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತದೆ. ಮನೆಯಲ್ಲಿ ಆ ಕೆಲಸ ಹಿರಿಯ ಮೊಮ್ಮಗನಾದ ನನ್ನದು. ತಂಗಿ ಭಾಗ್ಯ ಬಾಯಿ ಬಿಟ್ಟುಕೊಂಡು ಕತೆ ಕೇಳುತ್ತಿದ್ದಳು, ನಾನು ಕಣ್ಣು ಮುಚ್ಚಿಕೊಂಡು ಹೂಂಗುಟ್ಟುತ್ತಿದ್ದೆ. ರಾಜಕುಮಾರ ಸಮುದ್ರ ದಾಟಿ ವಾಪಸು ಬಂದರೂ ಅವನು ಹೋದದ್ದೇ ನನಗೆ ಗೊತ್ತಿರುತ್ತಿರಲಿಲ್ಲ. ಆದರೂ ಅಜ್ಜಿಗೆ ನಾನೇ ಒಳ್ಳೆಯ ಕೇಳುಗ.

ಏಳನೇ ತರಗತಿಗೇ ನಾನು ಶಾಲೆ ಬಿಟ್ಟು ಹಿಪ್ಪುನೇರಳೆ ತೋಟಕ್ಕೆ ಇಳಿದೆ. ಭಾಗ್ಯ ಪಿಯುಸಿ ಮುಗಿಸಿ ಮದ್ದೂರಿನ ಹತ್ತಿರದ ಒಂದು ಗಾರ್ಮೆಂಟ್ಸ್ ಸೇರಿದಳು. ಮಳವಳ್ಳಿ ರಸ್ತೆಯ ನಮ್ಮೂರಿನಿಂದ ಬೆಳಿಗ್ಗೆ ವ್ಯಾನಿನಲ್ಲಿ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ವರ್ಷಗಟ್ಟಲೆ ಮೆಷಿನ್ನಿನ ಮುಂದೆ ಬಗ್ಗಿ ಬಗ್ಗಿ ಅವಳ ಬೆನ್ನು ಹಟಮಾರಿ ಎತ್ತಿನ ಹಾಗಾಗಿದೆ. ಮಲಗಿದರೆ ಏಳುವುದಿಲ್ಲ, ಎದ್ದರೆ ಬಗ್ಗುವುದಿಲ್ಲ. ಈಚೆಗೆ ಅಲ್ಲಿ ಚೆಕಿಂಗ್ ವಿಭಾಗದಲ್ಲಿ ಒಂದು ಜಾಗ ಖಾಲಿಯಾಯಿತು. ಹೊಲಿದ ಅಂಗಿಯನ್ನು ನಿಂತು ನೋಡುವ ಕೆಲಸ, ಬೆನ್ನಿಗೆ ಬಿಡುಗಡೆ. ಆದರೆ ಅಲ್ಲಿಗೆ ಬರುವ ಚೀಟಿಗಳೆಲ್ಲ ಇಂಗ್ಲಿಷಿನಲ್ಲಿರುವುದರಿಂದ ಒಂದು ಪರೀಕ್ಷೆ ಬರೆಯಬೇಕು ಎಂದರು. ಅವಳು ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಒಂದು ಪುಸ್ತಕ ಕೊಂಡು ತಂದಳು. ಅಕ್ಷರಕ್ಕೊಂದು ಪುಟ, ಎಡಕ್ಕೆ ಇಂಗ್ಲಿಷ್ ಪದಗಳು, ಬಲಕ್ಕೆ ಕನ್ನಡದ ಅರ್ಥ.

"ಅಣ್ಣ, ನಾ ಒಪ್ಪುಸ್ತೀನಿ, ನೀ ನೋಡ್ಕೊಂಡು ತಪ್ಪಿದ್ರೆ ಯೋಳು" ಎಂದು ಪುಸ್ತಕ ನನ್ನ ಕೈಗೆ ಕೊಟ್ಟಳು. ನಾನು ಹುಳುಗಳಿಗೆ ಸೊಪ್ಪು ಹಾಕುತ್ತಿದ್ದೆ. ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಕಳಚಿ ಎದ್ದ ರೇಷ್ಮೆ ಹುಳು ತಿನ್ನುವ ಸದ್ದು ಕೇಳಿದವರಿಗೆ ಗೊತ್ತು, ಹೆಂಚಿನ ಮೇಲೆ ತುಂತುರು ಬಿದ್ದ ಹಾಗೆ. ಆ ಸದ್ದಿನಲ್ಲಿ ಏ, ಬಿ, ಸಿ ಎಂದು ಪಿ ತನಕದ ಪುಟಗಳು ಹೇಗೋ ದಾಟಿದವು. ಆಪಲ್, ಬಟನ್, ಕಾಲರ್ ನನಗೂ ಗೊತ್ತು. ಕ್ಯೂ ಪುಟಕ್ಕೆ ಬಂದಾಗ ನನ್ನ ಇಂಗ್ಲಿಷ್ ಮುಗಿಯಿತು. ಕ್ಯೂ ಎಂದರೆ ಬಾಲ ಇರುವ ಸೊನ್ನೆ. ಅದರ ಹಿಂದೆ ಪ್ರತಿ ಸಾಲಿನಲ್ಲೂ ಒಂದು ಯು ನಿಂತಿದೆ. ಆ ಸೊನ್ನೆ ಎಲ್ಲಿಗೆ ಹೋದರೂ ಹಿಂದೆಯೇ ಹೋಗುವುದನ್ನು ಬಿಟ್ಟು ಆ ಯುವಿಗೆ ಬೇರೆ ಕೆಲಸವಿದ್ದಂತೆ ಕಾಣಲಿಲ್ಲ. ಎಲ್ಲ ಪದಗಳೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ಅವಳು ಯಾವ ಸಾಲು ಹೇಳುತ್ತಿದ್ದಾಳೆಂದು ಹುಡುಕುವಷ್ಟರಲ್ಲಿ ಮುಂದಿನ ಸಾಲಿಗೆ ಹೋಗಿರುತ್ತಿದ್ದಳು. "ಕ್ವೆಂಚ್, ದಾಹ ತೀರಿಸುವುದು." ಹೂಂ. "ಕ್ವಾರೆಲ್, ಪ್ರಶ್ನೆ." ಹೂಂ. "ಕ್ವೆರಿ, ಜಗಳ." ಹೂಂ.

ಕುಲುಕುವ ವ್ಯಾನಿನಲ್ಲಿ ಓದಿ ಅವಳು ಆ ಎರಡು ಸಾಲುಗಳನ್ನು ಅದಲುಬದಲು ಮಾಡಿಕೊಂಡಿದ್ದಳು. ಕನ್ನಡ ನನಗೆ ಬರುತ್ತದಲ್ಲ, ಒಂದು ಗಳಿಗೆ ನಿಲ್ಲಿಸಿ "ಎಲ್ಲವ್ವ ಅದು, ತೋರ್ಸು" ಎಂದಿದ್ದರೆ ತಪ್ಪು ಸಿಕ್ಕಿಬೀಳುತ್ತಿತ್ತು. ಎನ್ನಲಿಲ್ಲ. ಟೀ ಅಂಗಡಿಯಲ್ಲಿ ಆಗಲೇ ನಾನು "ನಮ್ ಭಾಗ್ಯಂಗೆ ನಾನೇ ಇಂಗ್ಲಿಸು ಏಳ್ಕೊಡ್ತಿರೋದು" ಎಂದುಬಿಟ್ಟಿದ್ದೆ. ಮೇಷ್ಟ್ರಾದವನು ಸಾಲು ಹುಡುಕುತ್ತಾ ಕೂರುವುದು ಹೇಗೆ?

ಪರೀಕ್ಷೆ ಆಯಿತು. ಕ್ವೆರಿ ಎಂಬ ಪದವಿದ್ದ ಒಂದು ಇಂಗ್ಲಿಷ್ ವಾಕ್ಯವನ್ನು ಕನ್ನಡದಲ್ಲಿ ಬರೆಯಬೇಕಿತ್ತಂತೆ. ಇವಳು, "ನಿಮ್ಮಲ್ಲಿ ಯಾವುದೇ ಜಗಳವಿದ್ದರೆ ಸೂಪರ್‌ವೈಸರಿಗೆ ತಿಳಿಸಿ" ಎಂದು ಬರೆದಿದ್ದಳು. ಸೂಪರ್‌ವೈಸರ್ ಅದನ್ನು ಎಲ್ಲರೆದುರು ಓದಿ ನಕ್ಕು, ಕೆಲಸ ಸ್ವಲ್ಪದರಲ್ಲಿ ತಪ್ಪಿತಮ್ಮ ಎಂದರಂತೆ. ಭಾನುವಾರ ಸಂಜೆ ಹುಳುಮನೆಗೆ ಬಂದ ಭಾಗ್ಯಳ ಕಣ್ಣಲ್ಲಿ ನೀರಿರಲಿಲ್ಲ, ಬೆಂಕಿಯಿತ್ತು.

"ನಾಳೀಕೆ ಓಗಿ ಕೇಳೇ ಕೇಳ್ತೀನಿ ಕಣಣ್ಣ. ಆವಯ್ಯಂದೇ ತಪ್ಪು. ನಮ್ಮಣ್ಣ ಪುಸ್ತಕ ಇಡ್ಕೊಂಡು ಒಂದೊಂದೂ ನೋಡವ್ನೆ, ಸರಿ ಅಂದವ್ನೆ ಅಂತೀನಿ."

"ಬುಡವ್ವ, ದೊಡ್ಡೋರತ್ರ ಯಾಕೆ ಜಗಳ."

"ನೀ ಸುಮ್ಕಿರು. ನೀ ಸರಿ ಅಂದ್ಮ್ಯಾಕೆ ಯಾವನ್ಗೆ ನಾ ಎದರ್ಕಬೇಕು? ಕೆಲ್ಸ ಓದ್ರೂ ಓಗ್ಲಿ."

ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ನನ್ನ ಒಂದು ಹೂಂ ನಂಬಿಕೊಂಡು ಇದ್ದ ಕೆಲಸವನ್ನೂ ಕಳೆದುಕೊಳ್ಳಲು ಈ ಹುಡುಗಿ ಹೊರಟಿದ್ದಾಳೆ. ಹುಳುಗಳಾದರೂ ಸದ್ದು ಮಾಡಿ ಕಾಪಾಡಲಿ ಎಂದು ನೋಡಿದೆ. ಅವು ತಮ್ಮ ಪಾಡಿಗೆ ತಿನ್ನುತ್ತಿದ್ದವು. "ಭಾಗ್ಯ, ನಾ ನೋಡ್ಲಿಲ್ಲ ಕಣವ್ವ" ಎಂದೆ. "ಆ ಪುಟ ನಂಗೆ ಓದಕ್ಕೇ ಬರ್ಲಿಲ್ಲ. ಸುಮ್ನೆ ಹೂಂ ಅಂದೆ."

ಅವಳು ನನ್ನ ಕೈಯ ಸೊಪ್ಪನ್ನು ತೆಗೆದುಕೊಂಡು ತಾನೇ ಹುಳುಗಳಿಗೆ ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಕೇಳಿದಳು: "ಅಂಗಾರೆ ಅಜ್ಜಿ ಕತೆಗೂ ಇಂಗೇ ಹೂಂಗುಟ್ತಿದ್ದಾ?"

ಇದಕ್ಕೆ ಮಾತ್ರ ನನ್ನ ಬಾಯಿಂದ ಹೂಂ ಹೊರಡಲಿಲ್ಲ. ಹೊರಡದಿದ್ದರೂ ಅವಳಿಗೆ ತಿಳಿಯಿತು.

ಸೋಮವಾರ ಅವಳು ಜಗಳಕ್ಕೆ ಹೋಗಲಿಲ್ಲ. ವಿನಯವಾಗಿ ಒಂದು ಪ್ರಶ್ನೆ ಕೇಳಿ ಬಂದಳು. ಇನ್ನೊಂದು ಜಾಗ ಖಾಲಿಯಾದಾಗ ಮತ್ತೆ ಬರೆಯಬಹುದು ಎಂದರಂತೆ. ಅಲ್ಲಿಯವರೆಗೆ ಬೆನ್ನು ಬಗ್ಗಲೇಬೇಕು. ಸಂಜೆ ಅವಳು ನೆಟ್ಟಗಾಗಲು ಗೋಡೆ ಹಿಡಿಯುವಾಗ ನಾನು ಬೇರೆ ಕಡೆ ನೋಡುತ್ತೇನೆ.

ಈಗ ನಮ್ಮ ಮನೆಯಲ್ಲಿ ಕ್ರಮ ಬದಲಾಗಿದೆ. "ಸರಿಯೋ ತಪ್ಪೋ ಅನ್ಬೇಕಾದ್ರೆ ಮೊದ್ಲು ನೀ ಕಲಿ" ಎಂದು ಭಾಗ್ಯ ಪುಸ್ತಕವನ್ನು ತನ್ನ ಕೈಗೆ ತೆಗೆದುಕೊಂಡಿದ್ದಾಳೆ. ನಾನು ಸೊಪ್ಪು ಹಾಕುತ್ತಾ ಒಪ್ಪಿಸುತ್ತೇನೆ. ಕ್ವಾರೆಲ್, ಜಗಳ. ಕ್ವೆರಿ, ಪ್ರಶ್ನೆ. ನಡುವಯಸ್ಸಿನಲ್ಲಿ ಕಲಿತದ್ದು ಬೆಳಿಗ್ಗೆ ಇದ್ದರೆ ಸಂಜೆ ಇರುವುದಿಲ್ಲ. ನಿನ್ನೆ ಇಡೀ ಪುಟ ಒಪ್ಪಿಸಿ ಮುಗಿಸಿದೆ. ಪ್ರತಿ ಪದಕ್ಕೂ ಅವಳು ಹೂಂ ಅಂದಳು. ಖುಷಿಯಿಂದ ತಿರುಗಿ ನೋಡಿದೆ. ಗೋಡೆಗೆ ಬೆನ್ನು ಕೊಟ್ಟು, ಪುಸ್ತಕವನ್ನು ಮಡಿಲಲ್ಲಿಟ್ಟು, ಭಾಗ್ಯ ಕಣ್ಣು ಮುಚ್ಚಿಕೊಂಡಿದ್ದಳು.