ಕೊನೇ ಹೆಸರು ಮಾಯ

ಖಾಲಿ ಮಾಡೋದು ಮರೆತು ಆಗೋ ಫಜೀತಿಗಳು ನಮ್ಮ ಆಫೀಸಿಗೆ ಹಾಲಿನವನ ಹಂಗೆ ದಿನಾ ಬರುತ್ತವೆ. ಬಾಗಿಲು ತೆಗೆದೂ ತೆಗೆದೂ ನನಗೆ ಸಾಕಾಗಿದೆ.

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಹಿಟ್ಟಿನ ಗಿರಣಿ ಮೇಲಿನ ಕೋಣೆಯೇ ಆಫೀಸು. ನಾನು ಮತ್ತು ನನ್ನ ಪಾಲುದಾರ ಅಂಗಡಿಯವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇವೆ. ಬರೆಯೋದು ಪಿಎಚ್‌ಪಿ ಅನ್ನೋ ಭಾಷೆಯಲ್ಲಿ. ಅದರಲ್ಲಿ ವೇರಿಯಬಲ್ ಅಂದರೆ ಹೆಸರು ಬರೆದಿಟ್ಟ ಡಬ್ಬಿ, ಅಷ್ಟೇ. ಕೆಲಸ ಮುಗಿದ ಮೇಲೆ ‘ಅನ್‌ಸೆಟ್’ ಅಂತ ಒಂದು ಸಾಲು ಬರೆದು ಡಬ್ಬಿ ತೆಗೆಯಬೇಕು. ಇಲ್ಲದಿದ್ದರೆ ನಿನ್ನೆ ಸಾರು ಉಳಿದ ಪಾತ್ರೆಗೇ ಇವತ್ತಿನ ಪಾಯಸ ಹೊಯ್ದಂಗೆ. ಆದರೆ ನನ್ನ ಪಾಲುದಾರನಿಗೆ ಏನನ್ನೂ ತೆಗೆಯಲು ಕೈ ಬರಲ್ಲ. ಅವನ ಮೇಜಿನ ಮೇಲೆ ಯಾವಾಗಲೋ ಕುಡಿದ ಚಹಾದ ಕಪ್ಪುಗಳೂ ಹಂಗೇ ಇರುತ್ತವೆ. ಕೇಳಿದರೆ, “ಇರ್ಲಿ ಬಿಡೋ, ಮುಂದ ಬೇಕಾಗತೈತೆ” ಅಂತಾನೆ.

ಯಾರದೋ ಶ್ರೀಮತಿ

ಒಂದು ಸೀರೆ ಅಂಗಡಿಗೆ ದೀಪಾವಳಿ ಶುಭಾಶಯ ಕಳಿಸೋ ಕೆಲಸ ಒಪ್ಪಿಕೊಂಡಿದ್ದೆವು. ‘ನಿಮಗೂ ನಿಮ್ಮ ಶ್ರೀಮತಿಯವರಿಗೂ’ ಅಂತ, ಶ್ರೀಮತಿಯ ಹೆಸರಿನ ಸಮೇತ ಪ್ರತಿ ಗಿರಾಕಿಯ ಫೋನಿಗೆ ಹೋಗಬೇಕು. ಮದುವೆಯಾಗದವರಿಗೆ ಆ ಡಬ್ಬಿ ಖಾಲಿ ಇರಬೇಕು. ಪಾಲುದಾರ ಖಾಲಿ ಮಾಡಿರಲಿಲ್ಲ. ಹಿಂದಿನ ಗಿರಾಕಿಯ ಹೆಂಡತಿ ಡಬ್ಬಿಯಲ್ಲೇ ಕೂತು ಮುಂದಿನ ಬ್ರಹ್ಮಚಾರಿಯ ಪಾಲಾದಳು.

ಮರುದಿನ ಒಬ್ಬ ತಾಯಿ ಮಗನ ಫೋನು ಹಿಡಿದು ಅಂಗಡಿಗೇ ಬಂದರು. “ಯಾರ್ರೀ ಈಕಿ? ನಮಗ ಹೇಳದಂಗ ಯಾವಾಗ ಮದುವಿ ಆದ ಇವ?”

ಅಂಗಡಿ ಮಾಲೀಕರು ನನಗೆ ಫೋನ್ ಮಾಡಿ ಆ ತಾಯಿಯ ಕೈಗೆ ಕೊಟ್ಟರು. ನಾನು, “ಅಮ್ಮಾರೆ, ಅದು ಕಂಪ್ಯೂಟರ್ ತಪ್ಪು. ನಿಮ್ಮ ಮಗನ ಮದುವೆ ಆಗಿಲ್ಲ, ಗಾಬರಿ ಬ್ಯಾಡ” ಅಂದೆ.

ಆ ಕಡೆಯಿಂದ ಒಂದು ನಿಟ್ಟುಸಿರು. “ಆಗೇ ಇಲ್ಲೇನು? ಹುಡುಗಿ ಹೆಸರು ಚಲೋ ಇತ್ತಲ್ರೀ.”

ತುಂಬೈತೆ

ಹರಿಹರದ ಅಕ್ಕಿ ಸಾವ್ಕಾರರಿಗೆ ಆನ್‌ಲೈನ್ ಅಂಗಡಿ ಮಾಡಿದೆವು. ಗಿರಾಕಿ ಆರಿಸಿದ್ದನ್ನೆಲ್ಲ ಒಂದೇ ಸಲಕ್ಕೆ ತೆಗೆದುಹಾಕಲು ‘ಬುಟ್ಟಿ ಖಾಲಿ’ ಅಂತ ಒಂದು ಬಟನ್ ಇಟ್ಟಿದ್ದೆ. ನೋಡಿದವರೇ ಸಾವ್ಕಾರರು ಕುರ್ಚಿಯಿಂದ ಎದ್ದರು.

“ಬಿಡ್ತು ಅನ್ರಿ! ಅಕ್ಕಿ ಅಂಗಡ್ಯಾಗ ಖಾಲಿ ಅಂತಾರೇನ್ರೀ? ಡಬ್ಬ್ಯಾಗ ಅಕ್ಕಿ ತೀರಿದ್ರೂ ನಮ್ಮ ಮನ್ಯಾಗ ಹೆಣ್ಮಕ್ಕಳು ‘ತುಂಬೈತೆ’ ಅಂತಾರ. ಹಂಗ ಬರೀರಿ.”

ಬರೆದೆ. ವಾದ ಮಾಡೋ ಶಕ್ತಿ ನನಗೆಲ್ಲಿದೆ? ಗಿರಾಕಿಗಳು ಸೋನಾಮಸೂರಿ, ನುಚ್ಚು, ಅವಲಕ್ಕಿ ಎಲ್ಲ ಆರಿಸಿ, ಬುಟ್ಟಿ ತುಂಬಿತಲ್ಲ ಅಂತ ‘ತುಂಬೈತೆ’ ಒತ್ತುತ್ತಿದ್ದರು. ಎಲ್ಲ ಮಾಯ. ಒಂದು ಆರ್ಡರೂ ಬರಲಿಲ್ಲ. ಬಟನ್ನಿನ ಹೆಸರು ಬದಲಿಸೋಣ ಅಂತ ಬೇಡಿಕೊಂಡರೂ ಅವರು ಜಪ್ಪಯ್ಯ ಅನ್ನಲಿಲ್ಲ.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ, “ಆನ್‌ಲೈನ್ ವ್ಯಾಪಾರ ಹೆಂಗೈತ್ರಿ?” ಅಂತ ಕೇಳಿದೆ.

“ತುಂಬೈತ್ರಿ” ಅಂದರು, ಮುಖ ಸಣ್ಣದು ಮಾಡಿ.

ಸೋದರಮಾವ

ಇದು ಮನೆಗೇ ಬಂದ ಫಜೀತಿ. ನನ್ನ ನಾದಿನಿಯ ಮದುವೆ. ಅತ್ತೆ, “ಅಳಿಯಂದ್ರ, ಲಗ್ನಪತ್ರಿಕೆ ಫೋನಿನ್ಯಾಗ ಬರೂಹಂಗ ಮಾಡಿಕೊಡ್ರಿ” ಅಂದರು. ಪಾಲುದಾರನಿಗೆ ಹೇಳಿ ಮಾಡಿಸಿದೆ. ‘ಸುಖಾಗಮನ ಬಯಸುವವರು’ ಅಂತ ನೆಂಟರ ಹೆಸರೆಲ್ಲ ಬಂದವು, ಕೊನೆಯದೊಂದು ಬಿಟ್ಟು. ಅವನು ಅಲ್ಲೂ ಡಬ್ಬಿ ತೆಗೆದಿರಲಿಲ್ಲ. ಹಿಂಗಾದಾಗ ಪಟ್ಟಿಯ ಕೊನೇ ಹೆಸರು ಅಳಿಸಿ, ಅದರ ಮೇಲಿನ ಹೆಸರೇ ಎರಡು ಸಲ ಬರುತ್ತದೆ.

ಕೊನೆಗಿದ್ದವರು ಅತ್ತೆಯ ಕಿರಿ ತಮ್ಮ, ಭಾನುವಳ್ಳಿಯವರು. ಅವರ ಮೇಲೆ ಇದ್ದದ್ದು ಅವರ ಅಣ್ಣನ ಹೆಸರು. ಕಾಲುವೆ ನೀರು ಯಾರ ಗದ್ದೆಗೆ ಮೊದಲು ಅಂತ ಜಗಳವಾಗಿ ಇಬ್ಬರಿಗೂ ಮಾತಿಲ್ಲ. ನಮ್ಮಲ್ಲಿ ಮದುಮಗಳನ್ನು ಮಂಟಪಕ್ಕೆ ಎತ್ತಿಕೊಂಡು ಬರಬೇಕಾದವನು ಸೋದರಮಾವ. ಅಣ್ಣನಿಗೆ ಮೊಣಕಾಲು ನೋವು. ಎತ್ತಬೇಕಾದವರು ಇವರೇ, ಇವರೇ ಮುನಿಸಿಕೊಂಡರು.

ಅತ್ತೆ ಅಳುತ್ತಾ ನನ್ನನ್ನೂ ನನ್ನ ಹೆಂಡತಿಯನ್ನೂ ಭಾನುವಳ್ಳಿಗೆ ಎಳಕೊಂಡು ಹೋದರು. ಕಿರಿ ಸೋದರಮಾವ ಕಟ್ಟೆ ಮೇಲೆ ಕೂತಿದ್ದರು. ಎದ್ದು ಬರ್ರಿ ಅನ್ನಲಿಲ್ಲ.

“ನನ್ನ ಹೆಸರು ತಗದು ಅವಂದು ಎರಡು ಸಲ ಹಾಕೀರಿ. ಅವನೇ ಎರಡು ಸಲ ಎತ್ತಿಕೊಂಡು ಬರ್ಲಿ.”

“ಮಾವಾರೆ, ಅದು ಒಂದು ಸಾಲಿನ ಕೆಲಸ. ಆಫೀಸಿಗೆ ಹೋಗಿ ಸರಿ ಮಾಡ್ತೀನಿ” ಅಂದೆ.

“ಈಗ, ನನ್ನ ಕಣ್ಮುಂದ ಆಗಬೇಕು.”

ನನ್ನ ಫೋನಿನಿಂದ ಪಟ್ಟಿಗೆ ಹೆಸರು ಸೇರಿಸಬಹುದಿತ್ತು, ಪ್ರೋಗ್ರಾಂ ತಿದ್ದಲು ಆಗುತ್ತಿರಲಿಲ್ಲ. ಹಂಗಂತ ಹೇಳಿದೆ. ಅತ್ತೆ ಕಣ್ಣೊರೆಸಿಕೊಂಡು, “ಕೊನೇ ಹೆಸರು ಹೋಗತೈತಂದ್ರ, ಹೋದ್ರೂ ನಡಿಯೋ ಹೆಸರು ಒಂದು ಕೊನಿಗೆ ಹಾಕ್ರಿ” ಅಂದರು. ಅಷ್ಟು ಹೇಳಿ ನನ್ನ ಕಡೆ ನೋಡಿದರು. ನನ್ನ ಹೆಂಡತಿಯೂ ನೋಡಿದಳು.

ಪಟ್ಟಿಯಲ್ಲಿ ಮೊದಲೂ ಇರದಿದ್ದ ನನ್ನ ಹೆಸರನ್ನೇ ಕೊನೆಗೆ ಹಾಕಿದೆ. ಅದು ಅಳಿಸಿಹೋಗಿ ಮಾವನ ಹೆಸರು ಎರಡು ಸಲ ಬಂತು. ಅವರು ಕನ್ನಡಕ ಏರಿಸಿ ನೋಡಿದರು.

“ಅಣ್ಣಂದು ಎಷ್ಟು ಸಲ ಐತಿ?”

“ಒಂದೇ ಸಲ.”

“ಹಂಗಾರ ಬರ್ತೀನಿ. ಮುಟ್ಟೀರಿ ಮತ್ತ, ಇನ್ನ ಅದನ್ನ ತಿದ್ದಬ್ಯಾಡ್ರಿ!”

ತಿದ್ದಲಿಲ್ಲ. ಮದುವೆ ದಿನ ಮಾವ ಮದುಮಗಳನ್ನು ಹೂವಿನ ಹಂಗೆ ಎತ್ತಿಕೊಂಡು ಬಂದರು. ಅತ್ತೆ ಮತ್ತೆ ಅತ್ತರು, ಈ ಸಲ ಖುಷಿಗೆ. ನನಗೂ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಊಟದ ಮನೆಯ ಬಾಗಿಲಲ್ಲಿ ದೂರದ ನೆಂಟರೊಬ್ಬರು ನಿಂತಿದ್ದರು. ಯಾರ ಕಡೆಯವರು ಅಂತ ಕೇಳಿದರು. ಹಿರೇ ಅಳಿಯ ಅಂದೆ. ಅವರು ಫೋನಿನಲ್ಲಿ ಪತ್ರಿಕೆ ತೆಗೆದು ಹುಡುಕಿದರು. “ಇಲ್ಲಿ ನಿಮ್ಮ ಹೆಸರಿಲ್ಲಲ್ರೀ. ಗಂಡಿನ ಕಡೆಯವರಿರಬೇಕು, ಆ ಸಾಲಿನ್ಯಾಗ ಕೂಡ್ರಿ.”

ಕೂತೆ. ಗಂಡಿನ ಕಡೆಯವರ ಪಂಕ್ತಿ ಅಂದಮೇಲೆ ಕೇಳಬೇಕೇ? ಹೋಳಿಗೆ, ಅದರ ಮೇಲೆ ತುಪ್ಪ, ಇನ್ನೊಂದು ಹಾಕಿಸಿಕೊಳ್ರಿ ಅನ್ನೋ ಉಪಚಾರ! ಇಷ್ಟು ವರ್ಷದಲ್ಲಿ ಆ ಮನೆಯವರು ನನ್ನನ್ನು ಹಿಂಗೆ ವಿಚಾರಿಸಿದ್ದು ಇದೇ ಮೊದಲು. ಎರಡನೇ ಹೋಳಿಗೆಗೆ ಕೈ ಹಾಕಿದೆ, ಎದುರಿಗೆ ನನ್ನ ಹೆಂಡತಿ ಸಾರಿನ ಬಕೆಟ್ ಹಿಡಕೊಂಡು ನಿಂತಿದ್ದಳು.

“ಯಾರು ಕೂಡಂದ್ರು ನಿಮ್ಮನ್ನ ಇಲ್ಲಿ? ಏಳ್ರಿ, ಬಡಿಸ್ರಿ. ಬೀಗರು ಕಾಯಾಕತ್ತ್ಯಾರ!”