ಮೆಂಬರಮ್ಮನ ಬುತ್ತಿ

ಯಾರಾದರೂ ಸತ್ತ ಸುದ್ದಿ ಬಂದರೆ ಸಾಕು, ನಮ್ಮ ವಾರಗಿತ್ತಿಗೆ ಎಲ್ಲಿಲ್ಲದ ಹುರುಪು! ತಪ್ಪು ತಿಳಿಯಬೇಡಿ. ತಿಳಿದರೂ ನನಗೇನು? ಇದ್ದದ್ದನ್ನು ಇದ್ದಂಗೆ ಹೇಳಲಿಕ್ಕೆ ನಾನು ಓದಿದ ನಾಲ್ಕನೇ ಕ್ಲಾಸು ಸಾಕು.

ಈಕೆ ನನ್ನ ಮೈದುನನ ಹೆಂಡತಿ. ಹರಪನಹಳ್ಳಿಯಲ್ಲಿ ನಮ್ಮದು ಒಂದೇ ಮನೆ, ಒಂದೇ ಒಲೆ. ಮೈದುನ ಜಿಲ್ಲಾ ಪಂಚಾಯ್ತಿ ಮೆಂಬರ್ ಆದಾಗ ಈಕೆಯೂ ಮೆಂಬರಮ್ಮ ಆದಳು. ಬೇರೆ ಮೆಂಬರಮ್ಮಂದಿರು ಏನು ಮಾಡುತ್ತಾರೆ? ರೇಷ್ಮೆ ಸೀರೆ ಉಟ್ಟು ಟೇಪು ಕತ್ತರಿಸುತ್ತಾರೆ, ಫೋಟೋಕ್ಕೆ ನಿಲ್ಲುತ್ತಾರೆ. ಈಕೆಗೆ ಅವೆಲ್ಲ ಬೇಜಾರು. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬೇರೆಯವರು ಬುತ್ತಿ ಒಯ್ಯಬೇಕು. ಆ ಬುತ್ತಿ ತಾನೇ ಒಯ್ಯಬೇಕು ಅನ್ನೋದು ಈಕೆಯ ಹಟ. ಯಾವ ಊರು, ಯಾವ ಜಾತಿ, ಕೇಳೋದೇ ಇಲ್ಲ. ಸೆರಗು ಸೊಂಟಕ್ಕೆ ಸಿಗಿಸಿದಳೆಂದರೆ ಯಾರೋ ಹೋಗ್ಯಾರ ಅಂತಲೇ ಅರ್ಥ. ನಲವತ್ತು ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಒಂದು ಕೊಡ ಮಜ್ಜಿಗೆ. ರೊಟ್ಟಿ ಬಡಿಯೋದು ಯಾರು? ನಾನು! ಮೆಂಬರ್‌ಗಿರಿ ಅವನದು, ಬುತ್ತಿ ಆಕೆಯದು, ರಟ್ಟೆನೋವು ನನ್ನದು.

“ಈ ತಾಲೂಕಿನಾಗ ಮಂದಿ ಸಾಯೋದು ನಿಲ್ಲಾಂಗಿಲ್ಲ, ನನ್ನ ರಟ್ಟಿ ನಿಂತುಹೋಗ್ತೈತಿ ನೋಡವ್ವ” ಅಂದರೆ, “ನೀ ಹೋದಾಗ ಇದಕ್ಕಿಂತ ಚಲೋ ಬುತ್ತಿ ಬರ್ತೈತಿ ಬಿಡಕ್ಕಾ” ಅನ್ನುತ್ತಿದ್ದಳು. ಹೇಗಿದೆ ಸಮಾಧಾನ!

ಒಮ್ಮೆ ಬಾಗಳಿಯಲ್ಲಿ ಶಾಲೆಯ ಹೊಸ ಕೋಣೆ ತೆರೆಯುವ ಕಾರ್ಯಕ್ರಮ. ಈಕೆಯನ್ನು ಗಂಡನ ಪಕ್ಕ ಸ್ಟೇಜಿನ ಮೇಲೆ ಕೂರಿಸಿ, ಮೊಣಕಾಲುದ್ದದ ಚೆಂಡುಹೂವಿನ ಹಾರ ಹಾಕಿದರು. ಭಾಷಣ ನಡೆದಿತ್ತು. ಅಷ್ಟರಲ್ಲಿ ಹಿಂದಿನ ಓಣಿಯಿಂದ ಅಳುವ ಸದ್ದು ಈಕೆಯ ಕಿವಿಗೆ ಬಿತ್ತು. ಎದ್ದಳು, ನಡೆದೇಬಿಟ್ಟಳು. ಅಲ್ಲೊಬ್ಬ ಮುದುಕ ಆಗಷ್ಟೇ ತೀರಿಕೊಂಡಿದ್ದ. ಕೊರಳಲ್ಲಿ ಹಾರ ಇರುವುದೇ ನೆನಪಿಲ್ಲದೆ ಈಕೆ ಹೋಗಿ ಬಾಗಿಲಲ್ಲಿ ನಿಂತಳು. ಮುದುಕನಿಗೇ ಹಾರ ತಂದಿದ್ದಾಳೆ ಅಂದುಕೊಂಡು ಮನೆಯವರು ಕೈಮುಗಿದರು. ಈಕೆ ಸುಮ್ಮನೆ ತೆಗೆದು ಅವನ ಕೊರಳಿಗೆ ಹಾಕಿದಳು. ಇತ್ತ ಸ್ಟೇಜಿನ ಮೇಲೆ ಹೆಡ್‌ಮಾಸ್ತರು ಶಾಲು ಹಿಡಿದುಕೊಂಡು ಖಾಲಿ ಕುರ್ಚಿಯ ಮುಂದೆ ನಿಂತಿದ್ದರಂತೆ!

ಮೊದಮೊದಲು ಮೈದುನನಿಗೂ ಖುಷಿಯೇ. ಒಂದು ಬುತ್ತಿ ಹೋದರೆ ಒಂದು ಮನೆಯ ಓಟು ಬಂದಂಗೆ ಅಂದುಕೊಂಡಿದ್ದ. ಅದು ತಿರುವುಮುರುವಾದದ್ದು ಮುಂದಿನ ಎಲೆಕ್ಷನ್ನಿನಲ್ಲಿ. ಓಟಿಗೆ ಮೂರೇ ದಿನ ಉಳಿದಾಗ ಎದುರಾಳಿಯ ತಾಯಿ ತೀರಿಕೊಂಡಳು. ಈಕೆ ಸೆರಗು ಸಿಗಿಸಿದಳು. ಮೈದುನ ಬಾಗಿಲಿಗೆ ಅಡ್ಡ ನಿಂತ.

“ಇವತ್ತೊಂದಿನ ಬ್ಯಾಡ. ಒಳಗಿಂದೊಳಗ ಒಂದಾಗ್ಯಾರ ಅಂತಾರ ಮಂದಿ. ನಾ ಸೋಲ್ತೀನಿ.”

“ಸತ್ತಾಕಿ ಯಾವ ಪಾರ್ಟಿರೀ?” ಅಂದಳು ಈಕೆ.

ಅವನು ಬಾಗಿಲು ಬಿಟ್ಟು ಸರಿದ. ಎದುರಾಳಿಯ ಊರಿನ ಬಸ್ಸು ಹೋಗಿಬಿಟ್ಟಿತ್ತು, ಮನೆ ಮುಂದೆ ನಿಂತಿದ್ದ ಪ್ರಚಾರದ ಆಟೋ ಹತ್ತಿದಳು. ಮೈಕು ಬಂದ್ ಮಾಡಿಸಿದಳು ಖರೆ, ಆದರೆ ಆಟೋದ ಮೂರೂ ಕಡೆ ಗಂಡನ ನಗುಮುಖದ ಪೋಸ್ಟರು! ಅಳುವ ಮನೆಯ ಮುಂದೆ ನನ್ನ ಮೈದುನ ಹಲ್ಲು ಕಿರಿಯುತ್ತ ಹೋಗಿ ನಿಂತಂಗಾಯಿತು. ಎದುರಾಳಿ ಎದ್ದು ಬಂದು ಎರಡೂ ಕೈಯಿಂದ ಬುತ್ತಿ ಇಸಿದುಕೊಂಡನಂತೆ. ಸಂಜೆಯೊಳಗೆ ಊರೆಲ್ಲ ಒಂದೇ ಮಾತು: ಇಬ್ಬರೂ ರಾಜಿ ಆಗ್ಯಾರ.

ಮೈದುನ ಸೋತ. ದಿನಾ ಮಂದಿ ತುಂಬಿ ಕಾಲಿಡಲು ಜಾಗ ಇರದ ನಮ್ಮ ಪಡಸಾಲೆಯ ಮುಂದೆ ಅವತ್ತು ಹೊರಗಿನವರ ಒಂದು ಜೊತೆ ಚಪ್ಪಲಿ ಇರಲಿಲ್ಲ. “ನಿನ್ನ ರೊಟ್ಟಿನೇ ನನ್ನ ಸೋಲಿಸ್ತು” ಅಂದ ಹೆಂಡತಿಗೆ. ಒಂದು ಮಾತಿಗೆ ಹತ್ತು ತಿರುಗಿ ಕೊಡುವವಳು, ಇನ್ನು ಯಾರ ಮನೆಗೂ ಹೋಗುವುದಿಲ್ಲ ಅಂತ ನನಗಷ್ಟೇ ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಒಲೆ ಹಚ್ಚಲಿಕ್ಕೆ ನನಗೂ ಕೈ ಬರಲಿಲ್ಲ. ರಟ್ಟೆಗೆ ಬಿಡುವು ಸಿಕ್ಕಿತ್ತು, ಕುಣಿದಾಡಬೇಕಿತ್ತು ನಾನು! ಎರಡು ದಿನ ಮಂಡಕ್ಕಿ ತಿಂದು ಕಳೆದೆವು.

ಮೂರನೇ ದಿನ ಹೊತ್ತೇರುವುದರೊಳಗೆ ಮನೆ ಮುಂದೆ ಟೆಂಪೋ ನಿಂತಿತು. ಬಾಗಳಿ ಕಡೆಯ ಹೆಂಗಸರು, ಒಬ್ಬೊಬ್ಬರ ತಲೆಯ ಮೇಲೂ ಬುತ್ತಿಗಂಟು. ಮುಂದಿದ್ದವಳು ಆ ಹಾರದ ಮುದುಕನ ಹೆಂಡತಿ.

“ಇಲ್ಲಿ ಯಾರೂ ಸತ್ತಿಲ್ಲಬೇ” ಅಂದೆ.

“ಒಲಿ ಹತ್ತಿಲ್ಲಂತಲ್ಲ” ಅಂದಳು ಮುದುಕಿ.

ನನಗೆ ಬಾಯಿ ಮುಚ್ಚಿಕೊಂಡು ರೂಢಿಯಿಲ್ಲ. ನಿಮ್ಮೂರಾಗ ನಮಗ ಓಟೇ ಬಿದ್ದಿಲ್ಲ, ರೊಟ್ಟಿ ಯಾಕ ತಂದ್ರಿ ಅಂತ ಕೇಳಿಯೇಬಿಟ್ಟೆ.

“ಓಟು ಗಂಡಸ್ರು ಹೇಳ್ದಂಗ ಹಾಕಿವಿ. ರೊಟ್ಟಿ ನಮ್ಮ ಮನಸಿನಂಗ ಬಡದೀವಿ. ಆಕಿನ್ನ ಎಬ್ಬಸು.”

ಎಬ್ಬಿಸುವುದೇನು ಬಂತು, ವಾರಗಿತ್ತಿ ಆಗಲೇ ನನ್ನ ಬೆನ್ನ ಹಿಂದೆ ನಿಂತಿದ್ದಳು. ಮುದುಕಿ ರೊಟ್ಟಿ ಮುರಿದು ಆಕೆಯ ಬಾಯಿಗಿಟ್ಟಳು. ಮೈದುನನಿಗೂ ಒಂದು ತಟ್ಟೆ ಹೋಯಿತು. ತಲೆ ಎತ್ತದೆ ಐದು ರೊಟ್ಟಿ ತಿಂದ. ಸೋತವನ ಹಸಿವು ನೋಡ್ರಿ!

ಆ ವಾರವೇ ನೀಲಗುಂದದಲ್ಲಿ ಯಾರೋ ತೀರಿಕೊಂಡ ಸುದ್ದಿ ಬಂತು. ವಾರಗಿತ್ತಿ ಎದ್ದಳು, ಗಂಡನ ಮುಖ ನೋಡಿ ಮತ್ತೆ ಕೂತಳು. ಅವನು ಎದ್ದು ಹೊರಗೆ ಹೋದ. ಮುಗೀತು ಅಂದುಕೊಂಡೆ. ಕಿಟಕಿಯಲ್ಲಿ ಇಣುಕಿದರೆ, ಮೆಂಬರ್ ಆದ ಮೇಲೆ ಮುಟ್ಟದೇ ಇದ್ದ ಹಳೇ ಲೂನಾ ಹೊರಗೆಳೆದು ಸೀಟು ಒರೆಸುತ್ತಿದ್ದಾನೆ. ಹಿಂದಿನ ಸೀಟು.

ಇವರಿಬ್ಬರನ್ನೂ ಬೈಯೋದು ಆಮೇಲೆ ಇದ್ದೇ ಇರುತ್ತದೆ ಅಂತ ನಾನು ರೊಟ್ಟಿ ಹಂಚು ಒಲೆಯ ಮೇಲಿಟ್ಟೆ.